ಕೊನೆಯ ಹಲಗೆ

ಮರಿಮೊಮ್ಮಗ ತನ್ನ ಆಟಿಕೆ ರೈಲಿನ ನಿಲ್ದಾಣಕ್ಕೆಂದು ರಟ್ಟಿನ ಅಂಗಡಿಗಳನ್ನು ಜೋಡಿಸಿ ಬಣ್ಣ ಬಳಿಯುತ್ತಿದ್ದ. ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಏಳೆಂಟು ವರ್ಷದ ಹುಡುಗಿಯಾಗಿ ಮುಂಡರಗಿಯ ನಮ್ಮ ಪಡಸಾಲೆಯಲ್ಲಿದ್ದೆ.

ಗದಗಿನ ಸ್ಟೇಷನ್ ನೋಡಿಬಂದಾಗಿನಿಂದ ನನಗೆ ರೈಲಿನ ಹುಚ್ಚು. ಕಡ್ಡಿಪೆಟ್ಟಿಗೆಗಳನ್ನು ಪೋಣಿಸಿದರೆ ರೈಲು, ನಿಲ್ಲಿಸಿದರೆ ಅಂಗಡಿ. ಕಡ್ಡಿಗಳಿಗೆ ಕಾವಿ ಬಳಿದು, ಜಾಲಿ ಅಂಟಿನಿಂದ ಸಾಲಾಗಿ ಅಂಟಿಸಿದರೆ ಹಲಗೆ ಬಾಗಿಲು. ನಮ್ಮ ಅಂಗಡಿಯ ಬಾಗಿಲೂ ಒಂದೊಂದಾಗಿ ಜೋಡಿಸಿ ಮುಚ್ಚುವ ಬಿಡಿ ಹಲಗೆಗಳದ್ದೇ. ಕೊನೆಯ ಹಲಗೆಯನ್ನು ಅಪ್ಪನೇ ಹಾಕಿ ಕೀಲಿ ಜಡಿಯುತ್ತಿದ್ದ, ಬೇರೆಯವರು ಮುಟ್ಟುವಂತಿರಲಿಲ್ಲ.

ಒಂದು ದಿನ ಅಪ್ಪ ಹತ್ತಿ ಖರೀದಿಗೆಂದು ಗಡಿಯಾಚೆ ಕೊಪ್ಪಳದ ಕಡೆ ಹೋಗಿದ್ದ. ಆಗಲೇ ಅಲ್ಲಿ, ನಿಜಾಮರ ಸೀಮೆಯಲ್ಲಿ, ಗಲಾಟೆ, ಇತ್ತ ಬಂದರೂ ಬಂದೀತು ಎಂಬ ಸುದ್ದಿ ಬಂತು. ಮಟಮಟ ಮಧ್ಯಾಹ್ನ ಪೇಟೆಯ ತುಂಬ ಹಲಗೆ ಹಾಕುವ ಸದ್ದು. ಅವ್ವ ನಮ್ಮ ಅಂಗಡಿಯನ್ನು ತಾನೇ ಮುಚ್ಚತೊಡಗಿದಳು. ಕೊನೆಯ ಹಲಗೆ ಎತ್ತಿದಾಗ ಸೀರೆ ಹಿಡಿದು ಜಗ್ಗಿದೆ.

"ಬ್ಯಾಡವ್ವಾ, ಅಪ್ಪ ಇನ್ನೂ ಹೊರಗ ಅದಾನ."

"ಸುಮ್ನಿರು," ಎಂದಳು. ಸೀರೆ ಬಿಡಿಸಿಕೊಂಡು ಹಲಗೆ ಹಾಕಿಯೇಬಿಟ್ಟಳು.

ನನ್ನ ಕಡ್ಡಿಪೆಟ್ಟಿಗೆಯ ಅಂಗಡಿಗೆ ಮಾತ್ರ ಒಂದು ಕಡ್ಡಿ ಅಂಟಿಸದೆ ಉಳಿಸಿದೆ. ಅದನ್ನೂ ಮುಚ್ಚಿದರೆ ಅಪ್ಪ ಬರುವುದೇ ಇಲ್ಲ ಅನಿಸಿತ್ತು. ಹೊರಗೆ ಕಾಲಸಪ್ಪಳವಾದಾಗಲೆಲ್ಲ ಆ ಸಂದಿಯನ್ನೇ ನೋಡುತ್ತಿದ್ದೆ.

ಮರುದಿನ ಸಂಜೆ ಅಪ್ಪ ಹಿತ್ತಲ ಬಾಗಿಲಿನಿಂದ ಬಂದ. ಮೈತುಂಬ ಧೂಳು, ಕಾಲಲ್ಲಿ ಚಪ್ಪಲಿ ಇಲ್ಲ. ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಸಂದಿ ನೋಡಿ, "ಇನ್ನ ಮುಚ್ಚವ್ವಾ, ನಾ ಬಂದೀನಿ," ಎಂದ.

ಇವತ್ತು ಮರಿಮೊಮ್ಮಗ ಅಂಗಡಿಯ ಬಾಗಿಲು ಮುಚ್ಚಲು ಅಂಟು ಸವರಿದಾಗ ಗಪ್ಪನೆ ಅವನ ಕೈ ಹಿಡಿದೆ.

"ನಿಮ್ಮಪ್ಪ ಬಂದಾನೇನೋ?"

"ಒಳಗ ಊಟ ಮಾಡಾಕತ್ತಾನಲ್ಲ, ಅಜ್ಜಿ."

ಆಮೇಲೆ ಕೈ ಬಿಟ್ಟೆ.