ಅದು ಮುಟ್ಟಲ್ಲ ಅಂದಿದ್ದೆ

ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡಿತೆಂದು ಹೆದರಿ ಬಂದ ಹೆಂಗಸನ್ನು ಆಸ್ಪತ್ರೆಗೆ ಹೋಗದಂತೆ ತಡೆದವಳು ನಾನು. ಕೈ ಹಿಡಿದು ತಡೆಯಲಿಲ್ಲ — ಮಾತಿನಲ್ಲಿ ತಡೆದೆ. ಅವಳು ಭಾಗೀರಥಕ್ಕ, ಹುಲಗೋಳದವಳು, ನನಗೆ ತವರಿನ ಕಡೆಯ ನಂಟು. ಈಗ ಅವಳಿಲ್ಲ.

ಆಗ ನಾನು ಶಿರಸಿಯಲ್ಲಿದ್ದುಕೊಂಡು ಒಂದು ಪುಡಿ ಮಾರುತ್ತಿದ್ದೆ. ಮುಟ್ಟು ನಿಲ್ಲುವ ಕಾಲದ ಮೈಯುರಿ, ಬೆವರು, ನಿದ್ದೆಗೇಡು, ಸುಮ್ಮಸುಮ್ಮನೆ ಬರುವ ಅಳು — ಎಲ್ಲಕ್ಕೂ ಅದೊಂದೇ ಡಬ್ಬಿ. ಭಜನೆ ಮುಗಿದಲ್ಲಿ, ಅರಿಶಿನ ಕುಂಕುಮಕ್ಕೆ ಕರೆದಲ್ಲಿ, ನಾಲ್ಕು ಹೆಂಗಸರು ಕೂತಲ್ಲೆಲ್ಲ ನಾನು ಹಾಜರು. ಬಾಯಿದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಎಂಬುದು ನನ್ನನ್ನು ನೋಡಿಯೇ ಹುಟ್ಟಿದ ಮಾತಿರಬೇಕು. "ಯಂಗೇ ಗುಣ ಆಜು, ನೋಡಿ" ಎನ್ನುತ್ತಿದ್ದೆ. ಸುಳ್ಳು. ನನ್ನ ಉರಿ ಇಳಿದದ್ದು ಡಾಕ್ಟರು ಕೊಟ್ಟ ಮಾತ್ರೆಯಿಂದ. ಆ ಪುಡಿಯನ್ನು ನಾನು ಒಂದು ವಾರವೂ ನೆಟ್ಟಗೆ ಕುಡಿದವಳಲ್ಲ.

ಪುಡಿ ಮಾರುವ ನಮಗೆ ಹುಬ್ಬಳ್ಳಿಯಿಂದ ಬಂದು ತರಬೇತಿ ಕೊಟ್ಟವರು ಹೇಳಿದ್ದರು: "ಕುಡದ ಮ್ಯಾಲೆ ಏನ ತ್ರಾಸ ಆತಂದ್ರೂ, ಮೈಯಾಗಿನ ಹೊಲಸ ಹೊರಗ ಹೊಂಟೈತಿ ಅನ್ರಿ." ಎಂಥ ಅನುಕೂಲದ ಮಾತು! ನಾನು ಅದನ್ನು ಬಾಯಿಪಾಠ ಮಾಡಿಕೊಂಡೆ.

ಭಾಗೀರಥಕ್ಕನ ಮನೆಯಲ್ಲಿ ಮುಟ್ಟಾದವರು ಈಗಲೂ ಹೊರಗೆ ಕೂರುತ್ತಾರೆ. ಮುಟ್ಟು ನಿಂತ ಮೇಲೆ ಶ್ರಾದ್ಧದ ಮಡಿ ಅಡುಗೆ, ದೇವರ ನೈವೇದ್ಯ ಎಲ್ಲ ಅವಳ ಪಾಲಿಗೆ ಬಂದಿತ್ತು. ಅದರ ಹೆಮ್ಮೆಯೂ ಇತ್ತು. ಮೈಯುರಿಗೆಂದು ಅವಳೂ ನನ್ನ ಪುಡಿಯನ್ನೇ ಕುಡಿಯುತ್ತಿದ್ದಳು. ಮಾವನ ತಿಥಿ ಹತ್ತಿರವಿದ್ದಾಗ ನನ್ನ ಮನೆಗೆ ಬಂದಳು. ಬಾಗಿಲು ಮುಂದೆ ಮಾಡಿ, ಹತ್ತಿರ ಕೂತು, ಸಣ್ಣ ದನಿಯಲ್ಲಿ — "ಮತ್ತೆ ಶುರು ಆಜೇ ತಂಗಿ. ಒಲೆ ಮುಟ್ಲಕ್ಕಾ, ಹೊರಗೆ ಕೂರವಾ? ಡಾಕ್ಟ್ರ ಹತ್ರ ಹೋಗವಾ?"

ಪುಡಿಯಿಂದಲೇ ಹೀಗಾಯಿತೆಂದು ಇವಳು ಬಿಟ್ಟರೆ ಉಳಿದವರೂ ಬಿಡುತ್ತಾರೆ — ನನಗೆ ಹೊಳೆದದ್ದು ಅಷ್ಟೇ. ಅವಳ ಮುಖ ಬಿಳಿಚಿಕೊಂಡದ್ದು ಕಂಡಿತ್ತು. ಕಂಡೂ...

"ಅದು ಮುಟ್ಟಲ್ಲ ಅಕ್ಕಾ. ಪುಡಿ ಹಳೇ ಉಷ್ಣನ್ನ ಹೊರಗೆ ಹಾಕ್ತಾ ಇದ್ದು. ಅಡುಗೆ ಮಾಡು, ಎಂತ ದೋಷನೂ ಇಲ್ಲೆ. ಯಾರ ಹತ್ರನೂ ಹೇಳಡ."

ಅವಳ ಮುಖ ಅರಳಿತು. ಆ ವರ್ಷದ ತಿಥಿಯ ಅಡುಗೆಯನ್ನು ಅವಳೇ ಮಾಡಿದಳು. ಆಮೇಲೂ ಪುಡಿ ಕುಡಿಯುತ್ತಲೇ ಇದ್ದಳು.

ಅದು ಗರ್ಭಕೋಶದ ಕ್ಯಾನ್ಸರು. ಬೇಗ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರಂತೆ ಡಾಕ್ಟರು. ರೋಗ ಪುಡಿಯಿಂದ ಬಂತೆಂದು ನಾನು ಹೇಳಲಾರೆ; ತಡವಾದದ್ದು ಮಾತ್ರ ನನ್ನಿಂದ. ನೋಡಲು ಹೋದಾಗ ಅವಳು ಎಲ್ಲರೆದುರು ನನ್ನ ಕೈ ಹಿಡಿದು, "ಯನ್ನ ಕಷ್ಟ ಕೇಳಿದ್ದು ಇವಳೊಬ್ಬಳೇ" ಎಂದಳು. ನಾನು ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ದುಃಖ ಅಂದುಕೊಂಡರು; ಯಾವ ಕಷ್ಟವೆಂದು ಯಾರೂ ಕೇಳಲಿಲ್ಲ.

ಅವಳ ಮಗಳು ಸುಧಾ ಯಲ್ಲಾಪುರದಲ್ಲಿದ್ದಾಳೆ. ಈಗಲೂ ಸಿಕ್ಕಾಗಲೆಲ್ಲ ತಾಯಿಯ ಮೇಲೆ ಸಿಟ್ಟು ಮಾಡುತ್ತಾಳೆ — "ಆಯಿ ಮಡಿ ಮಡಿ ಹೇಳಿ ಮುಚ್ಚಿಟ್ಕಂಡು ಸತ್ತೋತು. ಯಾರ ಹತ್ರಾದ್ರೂ ಒಂದು ಮಾತು ಹೇಳಲಾಗ್ತಿತ್ತಿಲ್ಯಾ?"

ಪ್ರತಿ ಸಲವೂ ನಾನು ಹೂಂಗುಟ್ಟಿ ಬಂದಿದ್ದೇನೆ. ಪುಡಿ ಮಾರುವುದನ್ನು ಬಿಟ್ಟೆ. ಅದೇನು ದೊಡ್ಡ ಸಂಗತಿಯಲ್ಲ. ನನ್ನ ತಪ್ಪನ್ನು ಸತ್ತವಳು ಹೊತ್ತುಕೊಂಡಿದ್ದಾಳೆ, ಅದೂ ಹೆತ್ತ ಮಗಳ ಕಣ್ಣಲ್ಲಿ. ನಾಳೆ ಯಲ್ಲಾಪುರದ ಬಸ್ಸು ಹತ್ತುತ್ತೇನೆ. ಸುಧಾ ನನ್ನನ್ನು ಆಚೆ ನೂಕಿದರೆ ನೂಕಲಿ. ಅದಕ್ಕೆ ಮೊದಲು ಅವಳಿಗೆ ಇಷ್ಟು ಗೊತ್ತಾಗಬೇಕು — ನಿನ್ನ ಆಯಿ ಮುಚ್ಚಿಡಲಿಲ್ಲ, ಸುಧಾ. ಬಂದು ನನಗೆ ಹೇಳಿದ್ದಳು.