ಕೆರಾಡಿಯ ಗುಡ್ಡ, ಬೀಜಾಡಿಯ ಚಿಂತೆ

ಮಳೆಗಾಲದಲ್ಲಿ ಶಾಲೆಗಳಿಗೆ ರಜೆ ಸಿಕ್ಕಿದ ದಿನವೇ ನನ್ನ ಚಿಂತೆಗೆ ಹೆಚ್ಚು ಕೆಲಸ. ಹಿರಿಯರು ಮಳೆಗೆ ನಕ್ಷತ್ರದ ಹೆಸರಿಟ್ಟಿದ್ದರು. ಆರಿದ್ರೆ, ಪುನರ್ವಸು ಎಂದರೆ ನೆಂಟರು ಬಂದ ಹಾಗೆ ಕೇಳುತ್ತಿತ್ತು. ಈಗ ಮಳೆಗೆ ಬಣ್ಣ: ಹಳದಿ, ಕಿತ್ತಳೆ, ಕೆಂಪು. ಮೊಬೈಲಿನಲ್ಲಿ ಕೆಂಪು ಕಂಡರೆ ನನ್ನ ಮುಖ ಬಿಳಿಚಿಕೊಳ್ಳುತ್ತದೆ.

ನಾನಿರುವುದು ಬೀಜಾಡಿಯ ಕಡಲ ಬದಿಯಲ್ಲಿ. ಜೀವ ಇರುವುದು ಘಟ್ಟದ ಬುಡದ ಕೆರಾಡಿಯಲ್ಲಿ, ಅಕ್ಕನ ಮನೆಯ ಹಿಂದೆ ಗೋಡೆಯಂತೆ ಕಡಿದು ನಿಲ್ಲಿಸಿದ ಗುಡ್ಡದ ಮೇಲೆ. ಹೋದ ವಾರ ಅದರ ಒಂದು ಮಗ್ಗುಲು ಜರಿದು ಬಾವಿಕಟ್ಟೆಯವರೆಗೆ ಕೆಸರು ಬಂತು. ಭಾವ ಅದನ್ನು ಹಾರೆಯಲ್ಲಿ ಎಳೆದು ಹಾಕಿ ಊಟಕ್ಕೆ ಕೂತರಂತೆ. ಊಟ ಇಳಿಯದೇ ಹೋದದ್ದು ನನಗೆ. ನಮ್ಮಲ್ಲಿಗೆ ಬಂದುಬಿಡಿ ಎಂದೆ.

“ಹಟ್ಟಿ ಒಳ್ಗಿದ್ದ್ ದನ ಎಂತ ಮಾಡುದ್? ನಿನ್ ಕಡ್ಲ್ ಎಂತ ಪಾಪದ್ದಾ?” ಎಂದಳು ಅಕ್ಕ.

ಅಂದಿನಿಂದ ದಿನಾ ಸಂಜೆ ಫೋನು. ಕಾಯಿಲೆಯವರನ್ನು ವಿಚಾರಿಸುವ ಹಾಗೆ ‘ಗುಡ್ಡ ಹೇಗಿದೆ’ ಎನ್ನುತ್ತೇನೆ. “ಇತ್ತ್ ಮಾರಾಯ, ಅಲ್ಲೇ ಇತ್ತ್” ಎನ್ನುತ್ತಾಳೆ. ಮೊನ್ನೆ ಅವಳ ಮಾತಿನ ಹಿಂದೆ ಕೊಡೆಯ ಮೇಲೆ ಮಳೆ ಬಡಿಯುವ ಸದ್ದು. ಮನೆಯೊಳಗೆ ಕೊಡೆ ಯಾಕೆ ಎಂದು ಕೇಳಿದೆ.

“ಒಳ್ಗ್ ಸಿಗ್ನಲ್ ಎಲ್ಲಿತ್ತ್? ಹಿಂದಿನ್ ಗುಡ್ಡಿ ಮೇಲ್ ಮಾತ್ರ ಸಿಕ್ಕುದ್. ನಿನ್ ಫೋನ್ ಬತ್ತ್ ಅಂದೇಳಿ ದಿನಾ ಹತ್ತುದ್.”

ಗುಡ್ಡ ಜರಿಯಿತೇ ಎಂದು ತಿಳಿಯಲು ನಾನು ಅವಳನ್ನು ದಿನಾ ಅದರ ನೆತ್ತಿಗೇ ಹತ್ತಿಸುತ್ತಿದ್ದೆ. ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ಹೆಂಡತಿ ತಣ್ಣಗೆ, “ಹ್ವಾಯ್, ನಿಮ್ ಹೆದ್ರಿಕಿಗ್ ಅತ್ಗಿ ಗುಡ್ಡಿ ಹತ್ತುದಾ?” ಎಂದಳು. ಲೋಕದಲ್ಲಿ ಚಿಂತೆಯಿಂದ ಯಾರಿಗೂ ಉಪಕಾರವಾಗಿಲ್ಲ ಎಂದು ಗೊತ್ತಿತ್ತು. ಅದು ಆಳನ್ನೇ ಬಲಿ ಕೇಳುತ್ತದೆ ಎಂದು ಗೊತ್ತಿರಲಿಲ್ಲ.

ಇನ್ನು ಫೋನ್ ಮಾಡುವುದಿಲ್ಲ, ಹತ್ತಬೇಡ ಎಂದೆ. “ಅಕ್ಕ್” ಎಂದು ಒಪ್ಪಿಕೊಂಡಳು. ಮರುದಿನ ಸಂಜೆ ಕೈಕಟ್ಟಿ ಕೂತೆ. ಚಿಂತೆಯವನಿಗೆ ಸುಮ್ಮನಿರುವುದು ನಿರಾಹಾರ ಉಪವಾಸಕ್ಕಿಂತ ಕಷ್ಟ. ಹೊರಗೆ ಕಡಲು ಮೊರೆಯುತ್ತಿತ್ತು, ಘಟ್ಟದ ಕಡೆ ಆಕಾಶವೇ ಇರಲಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಕ್ಕ ಏದುಸಿರು ಬಿಡುತ್ತಿದ್ದಳು.

“ತಮ್ಮ, ಕಡ್ಲ್ ನಿಮ್ ಮನಿ ಹತ್ರ ಬಂತ್ ಅಂಬ್ರ್. ನೀ ಫೋನ್ ಮಾಡ್ದಿರೆ ನಂಗ್ ನಿದ್ರಿ ಬತ್ತಾ? ಎಲ್ಲ ಹುಶಾರಿದ್ರ್ಯಾ?”

ಈ ರೋಗ ನನ್ನೊಬ್ಬನದಲ್ಲ, ನಮ್ಮ ಮನೆತನದ್ದು. ನಾವೆಲ್ಲ ಆರಾಮ, ಬೇಗ ಇಳಿ ಎಂದೆ. ಕತ್ತಲಾಗುತ್ತಿದೆ, ಮಳೆ ಹಿಡಿದಿದೆ. ಅವಳು ಇಳಿದು ಮನೆ ಮುಟ್ಟಿದಳೋ ಎಂದು ಕೇಳೋಣವೆಂದರೆ, ಉತ್ತರ ಹೇಳಲು ಅವಳು ಮತ್ತೆ ಹತ್ತಬೇಕು.