ಗೊಲೊಂಡ್ರಿನಾ ಅಂಗಿಯ ಕಾಲರ್

ನಮ್ಮ ಓಣಿಯ ಸೊಯ್ಲಾ ಕಿಮಿ ಇಪ್ಪತ್ತೆರಡು ವರ್ಷ ಗೊಲೊಂಡ್ರಿನಾ ಅಂಗಿ ಕಾರ್ಖಾನೆಯಲ್ಲಿ ಕಾಲರ್ ಹೊಲಿದವಳು. ಬೇರೇನೂ ಅಲ್ಲ, ಬರೀ ಕಾಲರ್. ಆಗ ನಮ್ಮ ಗ್ವಾಯಾಕಿಲ್ ಪಟ್ಟಣದಲ್ಲಿ ಮದುವೆ ಗಂಡಿಗೆ ಗೊಲೊಂಡ್ರಿನಾ ಅಂಗಿಯೇ ಆಗಬೇಕಿತ್ತು. ಹಳೆಯ ಮಾಲೀಕ ತೀರಿಕೊಂಡ ಮೇಲೆ ಅವನ ಮಕ್ಕಳು ಅಗ್ಗದ ಬಟ್ಟೆ ತಂದು, ಕಾಲರನ್ನು ಅಂಟು ಹಾಕಿ ಮಾರಿದರು. ಎರಡು ಸಲ ಒಗೆದರೆ ಸಾಕು, ನಾಯಿ ಕಿವಿಯ ಹಾಗೆ ಜೋತುಬೀಳುತ್ತಿತ್ತು. ಊರೆಲ್ಲ ನಕ್ಕಿತು, ಕಾರ್ಖಾನೆಗೆ ಬೀಗ ಬಿತ್ತು.

ಅಂದಿನಿಂದ ಸೊಯ್ಲಕ್ಕ ಅದರ ಹೆಸರೆತ್ತಿದವಳಲ್ಲ. ಯಾರಾದರೂ ಕೇಳಿದರೆ "ಎಲ್ಲೋ ಹೊಲೀತಿದ್ದೆ ಬಿಡಿ" ಎನ್ನುತ್ತಿದ್ದಳು. ನನ್ನ ಹತ್ತಿರ ಮಾತ್ರ ಒಮ್ಮೆ ಬಾಯಿಬಿಟ್ಟಿದ್ದಳು: "ಅಷ್ಟು ವರ್ಷ ಕಸ ಹೊಲಿದ್ನೇನೋ ಅನ್ಸತ್ತೆ ಕಣೇ."

ಮೊನ್ನೆ ಡಿಸೆಂಬರ್ ಮೂವತ್ತೊಂದು, ಹಳೆ ವರ್ಷದ ಗೊಂಬೆ ಸುಡುವ ದಿನ. ಮರದ ಪುಡಿ ತುಂಬಿದ ಗೊಂಬೆಗೆ ಮನೆಯ ಹಳೆ ಬಟ್ಟೆ ತೊಡಿಸುವುದು ನನ್ನ ಕೆಲಸ. ಟ್ರಂಕಿನ ತಳದಲ್ಲಿ ನನ್ನ ಗಂಡ ಎಲಾದಿಯೊನ ಮದುವೆ ಅಂಗಿ ಸಿಕ್ಕಿತು. ಕಾಲರಿನ ಮಡಿಕೆ ಸವೆದು ನೂಲೆದ್ದಿತ್ತು. ಹಿಂದೆಮುಂದೆ ನೋಡದೆ ಅದನ್ನೇ ಗೊಂಬೆಗೆ ಹಾಕಿ ಬಾಗಿಲ ಮುಂದೆ ಕೂರಿಸಿದೆ. ನನ್ನ ಬುದ್ಧಿಗಿಷ್ಟು!

ಮಧ್ಯಾಹ್ನ ಬಂದ ಸೊಯ್ಲಕ್ಕ ಗೊಂಬೆಯ ಕುತ್ತಿಗೆ ಮುಟ್ಟಿ ನಿಂತುಬಿಟ್ಟಳು.

"ಇದನ್ನ ಸುಡ್ತೀಯೇನೇ?"

"ಇನ್ನೇನು, ಪೂಜೆ ಮಾಡ್ಲಾ? ಕಾಲರ್ ನೋಡು, ಹರಿದೇಹೋಗಿದೆ."

"ಬಾಯ್ಮುಚ್ಕೊಂಡು ಬ್ಲೇಡ್ ತಾ. ಈ ಕಾಲರ್ ಮೂಲೆ ತಿರುಗಿಸಿದ ಕೈ ನಂದು ಕಣೇ."

ಗೊಂಬೆಯ ಅಂಗಿ ಕಳಚಿ, ಹೊಲಿಗೆ ಒಂದೊಂದಾಗಿ ಬಿಡಿಸಿ, ಕಾಲರನ್ನು ಮಗುಚಿದಳು. ಕೆಳಮೈ ಹೊಚ್ಚ ಹೊಸದಾಗಿತ್ತು.

"ಆಗೆಲ್ಲ ಎರಡೂ ಮೈಗೆ ಒಂದೇ ಬಟ್ಟೆ ಹಾಕ್ತಿದ್ವಿ. ಸವೆದ್ರೆ ತಿರುಗಿಸ್ಕೊಳ್ಲಿ ಅಂತ. ಒಬ್ರೂ ಬರ್ಲಿಲ್ಲ ನೋಡು," ಎಂದಳು. ಅವಳ ಕಣ್ಣು ತುಂಬಿತ್ತು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಎಲಾದಿಯೊ ಬಂದ. "ಇದೇನೇ, ಗೊಂಬೆ ಬರಿಮೈಲಿ ಕೂತಿದೆ!"

"ನಿನ್ನ ಬನೀನು ಕೊಡು ಅದಕ್ಕೆ. ನೀನು ಇದನ್ನ ಹಾಕ್ಕೋ," ಎಂದೆ ನಾನು.

ಸೊಯ್ಲಕ್ಕ ನನ್ನ ಮೆಷಿನ್ನಿನಲ್ಲೇ ಕಾಲರ್ ಕೂರಿಸಿ ಕೊಟ್ಟಳು. ಅವನ ಹೊಟ್ಟೆಯ ಮೇಲೆ ಗುಂಡಿಗಳು ಕೂಡಲಿಲ್ಲ. ಕಾಲರ್ ಮಾತ್ರ ನೆಟ್ಟಗೆ ನಿಂತಿತು. ಅವನು ಬೀಗುತ್ತ ಬಾಗಿಲಿಗೆ ಹೋದ.

ದಾರಕ್ಕೆ ಕಟ್ಟಿದ ಏಡಿಗಳ ಗೊಂಚಲು ಹೊತ್ತು ಮಾರುತ್ತ ಹೋಗುತ್ತಿದ್ದವನು ನಿಂತು ನೋಡಿದ. "ಏನಪ್ಪಾ ಮದುಮಗ, ಎಲ್ಲೀದು ಅಂಗಿ? ಇಂಥ ಕಾಲರ್ ಈಗೆಲ್ಲಿ ಸಿಗತ್ತೆ?"

ಎಲಾದಿಯೊ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಸೊಯ್ಲಕ್ಕ ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಗೊಲೊಂಡ್ರಿನಾ ಕಣಯ್ಯಾ! ಹೊಲಿದವಳು ನಾನು!"